ಘೋರ ಹಲ್ಲಿಯ ಹಲ್ಲು

ವಿರೂಪಾಕ್ಷ ದೇವಾಲಯದ ಮಹಾದ್ವಾರವನ್ನು ಬೆನ್ನಿಗಿಟ್ಟುಕೊಂಡು ಹಂಪಿ ಬಜಾರಿನ ಬೀದಿಯಲ್ಲಿ ಪೂರ್ವಾಭಿಮುಖವಾಗಿ ನಡೆದರೆ, ಸುಮಾರು ಮುಕ್ಕಾಲು ಕಿಲೋಮೀಟರು ದೂರದಲ್ಲಿ ಏಕಶಿಲೆಯ ಬಸವಣ್ಣ ಎದುರಾಗುತ್ತಾನೆ. ಅಲ್ಲಿಂದ ತಲೆಯೆತ್ತಿ ನೋಡಿದರೆ ಮಾತಂಗ ಪರ್ವತ. ಈ ಬೆಟ್ಟಕ್ಕೆ ಹೊಂದಿಕೊಂಡು ಒಂದು ಎಲುಬಿನ ಕಥೆಯುಂಟು. ಮಹಿಷರೂಪಿಯಾದ ದುಂದುಭಿ ಎಂಬ ರಾಕ್ಷಸನನ್ನು ವಾಲಿಯು ಕೊಂದು, ಅವನ ಹೆಣವನ್ನು ಎತ್ತಿ ಯೋಜನ ದೂರಕ್ಕೆ ಎಸೆದನಂತೆ. ರಕ್ತದ ಹನಿಗಳು ಮತಂಗ ಮುನಿಯ ಆಶ್ರಮದ ಮೇಲೆ ಬಿದ್ದುವು, ಮುನಿ ಶಾಪವಿತ್ತನು, ವಾಲಿ ಕಾಲಿಡಲಾರದ ಆ ಪ್ರದೇಶವೇ ಸುಗ್ರೀವನಿಗೆ ಆಶ್ರಯವಾಯಿತು. ಮುಂದೆ ಶ್ರೀರಾಮನು ಅಲ್ಲಿಗೆ ಬಂದಾಗ ಸುಗ್ರೀವನು ಬೆಟ್ಟದಂತೆ ಬಿದ್ದಿದ್ದ ಆ ಅಸ್ಥಿಪಂಜರವನ್ನು ತೋರಿಸಿದನು. ರಾಮನು ಅದನ್ನು ಕಾಲಿನ ಹೆಬ್ಬೆರಳಿನಿಂದ ಹತ್ತು ಯೋಜನ ಚಿಮ್ಮಿದನು. ಆದರೂ ಸುಗ್ರೀವನ ಸಂಶಯ ತೀರಲಿಲ್ಲ. ವಾಲಿ ಎಸೆದಾಗ ಅದು ರಕ್ತಮಾಂಸಗಳಿಂದ ತುಂಬಿದ ಹಸಿಯ ದೇಹ, ಈಗ ಒಣಗಿ ಹಗುರಾಗಿದೆ, ಇದರಿಂದ ಯಾರು ಹೆಚ್ಚು ಬಲಶಾಲಿ ಎಂದು ಹೇಗೆ ತಿಳಿಯುವುದು ಎಂದು ಅವನು ಕೇಳಿದನು. ಎಲುಬಿನ ಸಾಕ್ಷ್ಯವನ್ನು ಒಪ್ಪುವ ಮುನ್ನ ಅದರ ಸ್ಥಿತಿಯನ್ನು ವಿಚಾರಿಸಬೇಕೆಂದು ಹೇಳಿದವರಲ್ಲಿ ಈ ವಾನರನೇ ಮೊದಲಿಗನಿರಬೇಕು.

ಇಂದಿನ ಮಕ್ಕಳಿಗೆ ದುಂದುಭಿಗಿಂತ ಡೈನೋಸಾರ್ ಹೆಚ್ಚು ಪರಿಚಿತ. ರಜೆಯಲ್ಲಿ ತಂದೆತಾಯಿಗಳೊಡನೆ ಹಂಪಿಗೆ ಬಂದ ಹುಡುಗನೊಬ್ಬನು, ಒಂದರ ಮೇಲೊಂದು ಪೇರಿಸಿಟ್ಟಂತಿರುವ ಆ ಮಹಾಬಂಡೆಗಳನ್ನು ನೋಡಿ, ಇಷ್ಟು ಹಳೆಯ ಕಲ್ಲುಗಳ ನಡುವೆ ಡೈನೋಸಾರಿನ ಹಲ್ಲೊಂದು ಸಿಕ್ಕೀತೆ ಎಂದು ಕೇಳಿದರೆ ಆಶ್ಚರ್ಯವಿಲ್ಲ. ಶಿಲೀಭೂತವಾದ ಹಲ್ಲುಗಳನ್ನು ಸಂಗ್ರಹಿಸುವುದು ಅಂಚೆ ಚೀಟಿ ಸಂಗ್ರಹದಂತೆಯೇ ಒಂದು ಹವ್ಯಾಸವಾಗಿ ಲೋಕದಲ್ಲಿ ಹಬ್ಬಿದೆ; ದೂರದೇಶದ ಹಲ್ಲುಗಳು ಪೊಟ್ಟಣದಲ್ಲಿ ಮನೆಬಾಗಿಲಿಗೆ ಬರುವ ಕಾಲ ಇದು. ಹುಡುಗನ ಪ್ರಶ್ನೆಗೆ ಉತ್ತರ ಮಾತ್ರ ನಿರಾಶೆಯದು. ಹಂಪಿಯಲ್ಲಿ ಡೈನೋಸಾರಿನ ಹಲ್ಲು ಸಿಕ್ಕುವುದಿಲ್ಲ. ಏಕೆಂದರೆ ಹಂಪಿಯ ಕಲ್ಲು ಹಳೆಯದು, ಬಹಳ ಹಳೆಯದು.

ಆ ಬಂಡೆಗಳು ಗ್ರಾನೈಟು ಜಾತಿಯ ಅಗ್ನಿಶಿಲೆಗಳು. ಭೂಮಿಯ ಆಳದಲ್ಲಿ ಕರಗಿದ ದ್ರವ್ಯವು ಮೆಲ್ಲಮೆಲ್ಲನೆ ಆರಿ ಗಟ್ಟಿಯಾದುದು ಸುಮಾರು 250 ಕೋಟಿ ವರ್ಷಗಳ ಹಿಂದೆ. ಆಮೇಲೆ ಮೇಲಿನ ಹೊದಿಕೆಯೆಲ್ಲ ಸವೆದುಹೋಗಿ, ಬಂಡೆಯಲ್ಲಿದ್ದ ಬಿರುಕುಗಳೊಳಗೆ ನೀರು ಇಳಿದು, ಮೂಲೆಗಳು ಕೊಳೆತು ಉದುರಿ, ಚೌಕವಾದುದು ಗುಂಡಾಯಿತು. ಗುಡ್ಡವನ್ನು ಯಾರೂ ಪೇರಿಸಿಟ್ಟದ್ದಲ್ಲ. ಇದ್ದ ಕಡೆಯಲ್ಲೇ ಕರಗಿ ಉಳಿದದ್ದು. ಡೈನೋಸಾರುಗಳಾದರೋ ಭೂಮಿಯ ಮೇಲೆ ಕಾಣಿಸಿಕೊಂಡುದು ಸುಮಾರು 23 ಕೋಟಿ ವರ್ಷಗಳ ಹಿಂದೆ; ಅಳಿದುದು 6.6 ಕೋಟಿ ವರ್ಷಗಳ ಹಿಂದೆ. ಇಷ್ಟು ದೊಡ್ಡ ಅಂಕಿಗಳು ಮನಸ್ಸಿಗೆ ಹತ್ತುವುದಿಲ್ಲ. ಹಂಪಿಯ ಬಂಡೆಯನ್ನು ನೂರು ವರ್ಷದ ಮುತ್ತಜ್ಜಿ ಎಂದು ಭಾವಿಸೋಣ. ಅಜ್ಜಿಗೆ ತೊಂಬತ್ತೊಂದು ನಡೆಯುತ್ತಿದ್ದಾಗ ಡೈನೋಸಾರುಗಳು ಬಂದುವು. ತೊಂಬತ್ತೇಳು ದಾಟಿ ಕೆಲವು ತಿಂಗಳಾಗುವಷ್ಟರಲ್ಲಿ ಹೊರಟುಹೋದುವು. ಮನುಷ್ಯನು ಬಂದು ನಾಲ್ಕೈದು ದಿನಗಳಾಗಿವೆ. 1336ರಲ್ಲಿ ಸ್ಥಾಪಿತವಾಯಿತೆನ್ನುವ ವಿಜಯನಗರಕ್ಕೆ ಈ ಲೆಕ್ಕದಲ್ಲಿ ಕಾಲು ಗಂಟೆಯ ವಯಸ್ಸು. ಕುದಿಯುತ್ತಿದ್ದ ದ್ರವ್ಯದೊಳಗೆ, ಅದೂ ಡೈನೋಸಾರು ಹುಟ್ಟುವುದಕ್ಕೆ ಇನ್ನೂರು ಕೋಟಿ ವರ್ಷಗಳಿಗೂ ಮೊದಲು, ಅದರ ಹಲ್ಲು ಹೇಗೆ ತಾನೆ ಬಂದೀತು?

ಹಂಪಿಯಿಂದ ದಕ್ಷಿಣಕ್ಕಿರುವ ಸಂಡೂರಿನ ಬೆಟ್ಟಗಳಲ್ಲಿ ಕಥೆ ಕೊಂಚ ಬೇರೆ. ಅಲ್ಲಿ ಕಬ್ಬಿಣದ ಅದಿರಿನೊಡನೆ, ಪುರಾತನ ಸಮುದ್ರದಲ್ಲಿ ಪದರಪದರವಾಗಿ ಶೇಖರಗೊಂಡ ಶಿಲೆಗಳೂ ಇವೆ. ಆಳವಿಲ್ಲದ ನೀರಿನಲ್ಲಿ ಸೂಕ್ಷ್ಮಜೀವಿಗಳು ಚಾಪೆಯಂತೆ ಹಬ್ಬಿ, ಪದರದ ಮೇಲೆ ಪದರ ಕಟ್ಟಿ ಉಳಿಸಿದ ರಚನೆಗಳನ್ನು ಭೂಗರ್ಭಶಾಸ್ತ್ರಜ್ಞರು ಸಂಡೂರಿನ ಶಿಲೆಗಳಲ್ಲಿ ಗುರುತಿಸಿದ್ದಾರೆ. 1990ರಲ್ಲಿ ಬಿ. ಎಸ್. ವೆಂಕಟಾಚಲ ಮತ್ತು ಅವರ ಸಹಚರರು ದೋಣಿಮಲೆಯ ಶಿಲೆಗಳಿಂದ ಸೂಕ್ಷ್ಮಜೀವಿಗಳ ಅವಶೇಷಗಳನ್ನು ವರದಿ ಮಾಡಿದರು. ಹಲ್ಲಿಲ್ಲ, ಎಲುಬಿಲ್ಲ, ಕಣ್ಣಿಗೆ ಕಾಣುವ ಮೈಯೂ ಇಲ್ಲ. ಆದರೂ ಕಾಲದ ದೃಷ್ಟಿಯಿಂದ ಈ ಕಣ್ಣಿಗೆ ಕಾಣದ ಜೀವಿಗಳ ಮುಂದೆ ಡೈನೋಸಾರು ನಿನ್ನೆಯ ಕೂಸು. ಅದಿರಿನ ಲಾರಿಗಳ ಧೂಳಿನ ನಡುವೆ ಇದನ್ನು ನೆನೆಯುವವರು ಕಡಿಮೆ.

ಹಾಗಾದರೆ ನಮ್ಮ ನಾಡಿನಲ್ಲಿ ಡೈನೋಸಾರುಗಳು ಓಡಾಡಲೇ ಇಲ್ಲವೆ? ಓಡಾಡಿರಬೇಕು. ಉತ್ತರಕ್ಕೆ ನರ್ಮದೆಯ ಕಣಿವೆಯಲ್ಲಿಯೂ ದಕ್ಷಿಣಕ್ಕೆ ಕಾವೇರಿಯ ಬಯಲಿನಲ್ಲಿಯೂ ಇದ್ದ ಪ್ರಾಣಿ ನಡುವಿನ ನಾಡನ್ನು ಮಾತ್ರ ಬಿಟ್ಟಿತೆಂದು ನಂಬುವುದು ಕಷ್ಟ. ಆದರೆ ಪ್ರಾಣಿ ಬದುಕುವುದು ಬೇರೆ, ಅದರ ಅವಶೇಷ ಉಳಿಯುವುದು ಬೇರೆ. ಉದುರಿದ ಹಲ್ಲು ಉಳಿಯಬೇಕಾದರೆ ಅದರ ಮೇಲೆ ಬೇಗನೆ ಕೆಸರೋ ಮರಳೋ ಬೀಳಬೇಕು, ಕೆಸರು ಕಲ್ಲಾಗಬೇಕು, ಆ ಕಲ್ಲು ನಮ್ಮ ಕಾಲದ ತನಕ ಸವೆಯದೆ ಇರಬೇಕು. ಡೈನೋಸಾರುಗಳ ಕಾಲದಲ್ಲಿ ಬಳ್ಳಾರಿ ಸೀಮೆಯ ನೆಲ ಸವೆಯುತ್ತಿದ್ದ ನೆಲವೇ ಹೊರತು ಮಣ್ಣನ್ನು ಕೂಡಿಡುತ್ತಿದ್ದ ನೆಲವಲ್ಲ. ಕಣಜವಿಲ್ಲದ ಮನೆಯಲ್ಲಿ ಕಾಳು ಹುಡುಕಿದಂತೆ ಇಲ್ಲಿ ಹಲ್ಲು ಹುಡುಕುವುದು. ಕರ್ನಾಟಕದ ಉತ್ತರದ ಅಂಚಿನಲ್ಲಿ ಮಾತ್ರ ಸಂಗತಿ ಬೇರೆಯಾಗಿದೆ. ದಖ್ಖನಿನ ಜ್ವಾಲಾಮುಖಿ ಪ್ರವಾಹಗಳು ಒಂದರಮೇಲೊಂದು ಹರಿದ ಬಿಡುವಿನ ಕಾಲದಲ್ಲಿ ಕೆರೆಗಳುಂಟಾಗಿ, ಅವುಗಳ ಕೆಸರು ಎರಡು ಕರಿಗಲ್ಲಿನ ಹಾಸುಗಳ ನಡುವೆ ಸಿಕ್ಕಿ ಉಳಿದಿದೆ. ಗುರುಮಠಕಲ್ಲಿನ ಸಮೀಪದ ಇಂತಹ ಪದರಗಳನ್ನು ವಿದ್ವಾಂಸರು ಪರೀಕ್ಷಿಸಿದ್ದಾರೆ.

ಇನ್ನು ಹಲ್ಲಿನ ವಿಷಯ. ಪ್ರಾಣಿಯ ಶರೀರದಲ್ಲಿ ಹಲ್ಲಿನ ಮೇಲ್ಪೊರೆಯಷ್ಟು ಗಟ್ಟಿಯಾದುದು ಮತ್ತೊಂದಿಲ್ಲ. ಅದು ಹೆಚ್ಚುಕಡಿಮೆ ಪೂರ್ತಿಯಾಗಿ ಖನಿಜದಿಂದಲೇ ಆದುದು. ಎಲುಬು ಪುಡಿಯಾದ ಮೇಲೂ ಹಲ್ಲು ನಿಲ್ಲುತ್ತದೆ. ಮತ್ತೊಂದು ಅನುಕೂಲ: ನಮ್ಮ ಮನೆಗಳಲ್ಲಿ ಮಗುವಿನ ಹಾಲುಹಲ್ಲು ಬಿದ್ದರೆ ಅದನ್ನು ಸೆಗಣಿಯಲ್ಲಿ ಸುತ್ತಿ ಮಾಡಿನ ಮೇಲೆಸೆಯುವ ಸಂಪ್ರದಾಯವುಂಟು, ಆ ಸಂಭ್ರಮ ಜನ್ಮಕ್ಕೆ ಒಂದೇ ಸರದಿ. ಡೈನೋಸಾರಿಗೆ ಹಾಗಲ್ಲ. ಬದುಕಿರುವಷ್ಟು ಕಾಲವೂ ಹಳೆಯ ಹಲ್ಲು ಉದುರಿ ಹೊಸ ಹಲ್ಲು ಬರುತ್ತಲೇ ಇತ್ತು. ಮಡಗಾಸ್ಕರಿನ ಮಜುಂಗಸಾರಸ್ ಎಂಬ ಮಾಂಸಾಹಾರಿ ಡೈನೋಸಾರಿನ ಒಂದೊಂದು ಕುಳಿಯಲ್ಲಿಯೂ ಸುಮಾರು 56 ದಿನಗಳಿಗೊಮ್ಮೆ ಹಲ್ಲು ಬದಲಾಗುತ್ತಿತ್ತೆಂದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿದೆ. ಹಲ್ಲಿನೊಳಗೆ ಮರದ ಬಳೆಗಳಂತೆ ದಿನಕ್ಕೊಂದರಂತೆ ಬೆಳೆಯುವ ಗೆರೆಗಳುಂಟು. ಅವನ್ನು ಎಣಿಸಿ ಮಾಡಿದ ಲೆಕ್ಕ ಇದು. ಈ ಮಜುಂಗಸಾರಸ್ ನಮ್ಮ ಗುಜರಾತಿನ ರಾಜಸಾರಸಿಗೆ ಹತ್ತಿರದ ಬಂಧು. ಆದಕಾರಣ ಒಂದು ಪ್ರಾಣಿ ಬಿಟ್ಟುಹೋಗುವ ಅಸ್ಥಿಪಂಜರ ಒಂದೇ ಆದರೂ ಅದು ಉದುರಿಸಿಹೋದ ಹಲ್ಲುಗಳು ನೂರಾರು. ಸಂಗ್ರಹಕಾರರಿಗೆ ಹಲ್ಲು ಹೆಚ್ಚಾಗಿ ದೊರೆಯುವುದರ ಗುಟ್ಟು ಇದೇ.

ಹಲ್ಲನ್ನು ನೋಡಿ ಊಟವನ್ನು ಹೇಳಬಹುದು. ಮಾಂಸಾಹಾರಿಯ ಹಲ್ಲು ಕುಡುಗೋಲಿನಂತೆ ಹಿಂದಕ್ಕೆ ಬಾಗಿ, ಚಪ್ಪಟೆಯಾಗಿ, ಅಂಚಿನಲ್ಲಿ ಗರಗಸದ ಕಚ್ಚುಗಳನ್ನು ತಾಳಿರುತ್ತದೆ. ಗಿಡದ ಎಲೆಗಳನ್ನು ಸವರಿ ತಿನ್ನುತ್ತಿದ್ದ ನೀಳ ಕುತ್ತಿಗೆಯ ದೈತ್ಯನ ಹಲ್ಲು ಸೌಟಿನಂತೆಯೋ ಬಳಪದ ಕಡ್ಡಿಯಂತೆಯೋ ಇರುತ್ತದೆ. ಗೋದಾವರಿಯ ಕಣಿವೆಯಲ್ಲಿ ದೊರೆತ ಬರಪಸಾರಸ್ ಎಂಬ ಮಹಾಕಾಯದ ಸುಮಾರು 300 ಎಲುಬುಗಳು ಸಿಕ್ಕಿದುವು. ತಲೆಬುರುಡೆ ಮಾತ್ರ ಸಿಕ್ಕಲಿಲ್ಲ. ಆದರೂ ಜೊತೆಯಲ್ಲಿ ದೊರೆತ ಸೌಟಿನಾಕಾರದ ಕೆಲವೇ ಹಲ್ಲುಗಳಿಂದ ಅದರ ಬಾಯಿಯ ಸುದ್ದಿ ತಿಳಿಯಿತು. ರವೀಂದ್ರನಾಥ ಠಾಕೂರರ ಜನ್ಮಶತಾಬ್ದಿಯ ವರ್ಷದ ನೆನಪಿಗಾಗಿ 1975ರಲ್ಲಿ ಅದಕ್ಕೆ ಬರಪಸಾರಸ್ ಟಾಗೋರಿ ಎಂದು ಹೆಸರಿಟ್ಟರು. ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಅದರ ಪಂಜರ ನಿಂತಿದೆ.

ಡೈನೋಸಾರುಗಳ ಪರಿಚಯ ಜಗತ್ತಿಗೆ ಆದುದೇ ಹಲ್ಲಿನ ಮೂಲಕ. ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದಲ್ಲಿ ವೈದ್ಯವೃತ್ತಿಯಲ್ಲಿದ್ದ ಗಿಡಿಯನ್ ಮ್ಯಾಂಟೆಲ್ ಎಂಬವರಿಗೆ 1820ರ ಸುಮಾರಿನಲ್ಲಿ ವಿಚಿತ್ರವಾದ ಕೆಲವು ದೊಡ್ಡ ಹಲ್ಲುಗಳು ದೊರೆತುವು. ಅಂದಿನ ಯೂರೋಪಿನಲ್ಲಿ ಪ್ರಾಣಿಗಳ ಎಲುಬುಗಳ ವಿಷಯದಲ್ಲಿ ಪ್ಯಾರಿಸಿನ ಕ್ಯೂವಿಯೇ ಅವರ ಮಾತೇ ಕೊನೆಯ ಮಾತು. ಅವರು ನೋಡಿದೊಡನೆ, ಇದು ಖಡ್ಗಮೃಗದ ಹಲ್ಲು ಎಂದರು. ಆಮೇಲೆ ತಮ್ಮ ಅಭಿಪ್ರಾಯವನ್ನು ಬದಲಾಯಿಸಿಕೊಂಡರು. ಮ್ಯಾಂಟೆಲ್ ಅವರಿಗೆ ಸಮಾಧಾನವಾಗಲಿಲ್ಲ. ಲಂಡನಿನ ಶಸ್ತ್ರವೈದ್ಯರ ಕಾಲೇಜಿನ ವಸ್ತುಸಂಗ್ರಹಾಲಯದಲ್ಲಿ ಅಮೆರಿಕದ ಇಗುವಾನ ಎಂಬ ಉಡದಂತಹ ಪ್ರಾಣಿಯ ಹಲ್ಲಿನೊಡನೆ ತಮ್ಮಲ್ಲಿದ್ದುದನ್ನು ಹೋಲಿಸಿ ನೋಡಿ, ಆಕಾರ ಒಂದೇ, ಗಾತ್ರ ಮಾತ್ರ ಹಲವು ಪಟ್ಟು ಎಂದು ಕಂಡುಕೊಂಡರು. 1825ರಲ್ಲಿ ಅದಕ್ಕೆ ಇಗುವಾನೊಡಾನ್, ಅಂದರೆ ಇಗುವಾನದ ಹಲ್ಲುಳ್ಳದ್ದು, ಎಂದು ಹೆಸರಾಯಿತು. ‘ಡೈನೋಸಾರ್’ ಎಂಬ ಪದ ಹುಟ್ಟಿದ್ದು ಅನಂತರ, 1842ರಲ್ಲಿ. ರಿಚರ್ಡ್ ಓವೆನ್ ಅವರು ಗ್ರೀಕ್ ಭಾಷೆಯ ಮಾತುಗಳನ್ನು ಕೂಡಿಸಿ ‘ಘೋರವಾದ ಹಲ್ಲಿ’ ಎಂಬರ್ಥದಲ್ಲಿ ಇದನ್ನು ಟಂಕಿಸಿದರು. ಹಲ್ಲಿಗೂ ಹಲ್ಲಿಗೂ ಇರುವ ಈ ನಂಟು ಗ್ರೀಕರಿಗೆ ಗೊತ್ತಿರಲಿಲ್ಲ, ಕನ್ನಡಕ್ಕೇ ಮೀಸಲು.

ಕ್ಯೂವಿಯೇ ಅವರು ಸಸೆಕ್ಸಿನ ಹಲ್ಲಿನಲ್ಲಿ ತಪ್ಪಾಗಿ ಕಂಡ ಖಡ್ಗಮೃಗವು, ಸರಿಯಾಗಿಯೇ ದೊರೆತುದು ನಮ್ಮ ಗೋಕಾಕಿನಲ್ಲಿ. ಈ ಕಥೆಯ ನಾಯಕರಾದ ರಾಬರ್ಟ್ ಬ್ರೂಸ್ ಫೂಟ್ ಅವರ ಹೆಸರು ಬಳ್ಳಾರಿ ಸೀಮೆಯವರಿಗೆ ಪರಿಚಿತವಾಗಿರಬೇಕಾದುದು. 1834ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಇವರು 1858ರಲ್ಲಿ ಭಾರತದ ಭೂಗರ್ಭ ಸರ್ವೇಕ್ಷಣಾ ಇಲಾಖೆಯನ್ನು ಸೇರಿದರು. 1863ರ ಮೇ 30ರಂದು ಮದರಾಸಿನ ಬಳಿಯ ಪಲ್ಲಾವರದಲ್ಲಿ ಶಿಲಾಯುಗದ ಕಲ್ಲಿನ ಆಯುಧವನ್ನು ಗುರುತಿಸಿ, ಭಾರತದ ಪ್ರಾಗಿತಿಹಾಸಕ್ಕೆ ಬಾಗಿಲು ತೆರೆದವರು ಇವರೇ. ಅವರ ಅಧಿಕೃತ ಕೆಲಸ ಕಲ್ಲಿನ ನಕ್ಷೆ ಬರೆಯುವುದು. ಕುದುರೆಯ ಮೇಲೂ ಕಾಲ್ನಡಿಗೆಯಲ್ಲೂ ದಕ್ಷಿಣದ ಉದ್ದಗಲ ತಿರುಗುತ್ತಾ, ಹಳ್ಳದ ದಂಡೆಗಳನ್ನು ಬಿಡದೆ ನೋಡುವುದು ಅವರ ಸ್ವಭಾವವಾಗಿತ್ತು. ಹಾಗೆ ತಿರುಗುವಾಗ, ಗೋಕಾಕಿನ ಸಮೀಪ ಚಿಕ್‌ದೌಲಿ ಎಂದು ಅವರು ಬರೆದಿಟ್ಟ ಹಳ್ಳಿಯ ಹಳ್ಳದ ಮಣ್ಣಿನಲ್ಲಿ, ಶಿಲೀಭೂತವಾದ ದವಡೆ ಹಲ್ಲುಗಳೂ ಎಲುಬುಗಳೂ ಕಂಡುವು. ಹೋಲಿಸಿ ನೋಡಿದಾಗ ಅವು ಖಡ್ಗಮೃಗದವೆಂದು ತಿಳಿಯಿತು. ಅದೂ ಅಲ್ಲಿಯವರೆಗೆ ಹೆಸರಿಲ್ಲದ ಜಾತಿ. 1874ರಲ್ಲಿ ಅವರು ಅದನ್ನು ‘ದಖ್ಖನಿನ ಖಡ್ಗಮೃಗ’ ಎಂದು ನಾಮಕರಣ ಮಾಡಿ ಪ್ರಕಟಿಸಿದರು.

ಡೈನೋಸಾರಿನ ಮುಂದೆ ಈ ಖಡ್ಗಮೃಗ ತೀರ ಈಚಿನದು. ಮನುಷ್ಯನು ಕಲ್ಲಿನ ಆಯುಧ ಹಿಡಿದು ತಿರುಗುತ್ತಿದ್ದ ಯುಗದ್ದು. ಆದರೂ ಕರ್ನಾಟಕದ ನೆಲದಲ್ಲಿ ಹಲ್ಲೊಂದು ನುಡಿದ ಸಾಕ್ಷ್ಯಗಳಲ್ಲಿ ಇದಕ್ಕೆ ದೊಡ್ಡ ಸ್ಥಾನವಿದೆ. ಇಂದು ಖಡ್ಗಮೃಗವನ್ನು ಕಾಡಿನಲ್ಲಿ ನೋಡಬೇಕಾದರೆ ಅಸ್ಸಾಮಿನ ಕಡೆಗೆ ಹೋಗಬೇಕು. ಘಟಪ್ರಭೆಯ ಸೀಮೆಯಲ್ಲಿ, ಈಗ ಕಬ್ಬು ಜೋಳಗಳು ಬೆಳೆಯುವಲ್ಲಿ, ಹಿಂದೊಮ್ಮೆ ಆ ಪ್ರಾಣಿ ಹೊಟ್ಟೆ ತುಂಬ ಮೇಯುವಷ್ಟು ಹಸಿರೂ ನೀರೂ ಇದ್ದುವೆಂಬುದನ್ನು ಬೇರಾವ ಶಾಸನವೂ ಹೇಳಲಾರದು.

ಬಳ್ಳಾರಿ ಜಿಲ್ಲೆಯ ಸರ್ವೇಕ್ಷಣೆಯೂ ಫೂಟ್ ಅವರ ಪಾಲಿಗೆ ಬಂದಿತು. ಹೊಸಪೇಟೆ, ಹಂಪಿ, ಕಂಪ್ಲಿ, ಸಂಡೂರು ಎಲ್ಲವೂ ಅವರ ದಾರಿಯಲ್ಲಿದ್ದುವು. ಸಂಡೂರಿನಂತಹ ಬೆಟ್ಟಗಳ ಶಿಲೆಗಳನ್ನು ಒಂದು ಗುಂಪಾಗಿ ವಿಂಗಡಿಸಿ ಅವಕ್ಕೆ ಧಾರವಾಡದ ಹೆಸರನ್ನಿಟ್ಟವರು ಅವರೇ. ಜಿಲ್ಲೆಯ ಭೂಗರ್ಭವನ್ನು ಕುರಿತ ಅವರ ಗ್ರಂಥ 1895ರಲ್ಲಿ ಹೊರಬಂದಿತು. ಈ ಸೀಮೆಯಲ್ಲಿ ಅವರಿಗೆ ಡೈನೋಸಾರು ಸಿಕ್ಕಲಿಲ್ಲ. ಸಿಕ್ಕುವ ಹಾಗೂ ಇರಲಿಲ್ಲ ಎಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಸಿಕ್ಕಿದುದು ಹೊಸ ಶಿಲಾಯುಗದ ನುಣುಪು ಕೊಡಲಿಗಳು, ಮಡಕೆಯ ಚೂರುಗಳು, ಬೂದಿಯ ದಿಬ್ಬಗಳು. ಹಂಪಿಗೆ ಸಮೀಪದ ನಿಂಬಾಪುರದಲ್ಲಿಯೂ ಇಂತಹುದೊಂದು ದಿಬ್ಬವುಂಟು. ವಾಲಿಯನ್ನು ದಹನ ಮಾಡಿದ ಚಿತೆಯ ಬೂದಿ ಅದು ಎಂದು ಜನ ಹೇಳುತ್ತಾ ಬಂದಿದ್ದಾರೆ. ಬಳ್ಳಾರಿ ಸುತ್ತಿನ ಈ ದಿಬ್ಬಗಳು ಹೊಸ ಶಿಲಾಯುಗದ ದನಗಾಹಿಗಳು ದೊಡ್ಡಿಗಳಲ್ಲಿ ಸುಟ್ಟ ಸೆಗಣಿಯ ರಾಶಿಗಳೆಂಬುದು ಮುಂದೆ ಪರೀಕ್ಷೆಗಳಿಂದ ಸ್ಥಿರಪಟ್ಟಿತು.

ಫೂಟ್ ಅವರ ದೊಡ್ಡತನ ಅವರು ಎಷ್ಟು ಕೂಡಿಹಾಕಿದರೆಂಬುದರಲ್ಲಿ ಇಲ್ಲ. ಕೂಡಿಹಾಕುವವರು ಎಲ್ಲ ಕಾಲದಲ್ಲಿಯೂ ಉಂಟು. ಅವರು ಹೆಕ್ಕಿದ ವಸ್ತುವಿನೊಡನೆ ಅದು ಸಿಕ್ಕಿದ ಜಿಲ್ಲೆ, ಊರು, ಗುಡ್ಡ ಅಥವಾ ಹಳ್ಳ ಇವನ್ನೂ ಬರೆದಿಟ್ಟರು. 1904ರಲ್ಲಿ ಮದರಾಸು ಸರಕಾರವು ಅವರ ಪ್ರಾಗಿತಿಹಾಸ ಸಂಗ್ರಹವನ್ನು 40,000 ರೂಪಾಯಿಗಳಿಗೆ ಕೊಂಡುಕೊಂಡಿತು. ಆ ಕಾಲಕ್ಕೆ ಅದು ಅಲ್ಪ ಮೊತ್ತವಲ್ಲ. 1912ರ ಡಿಸೆಂಬರಿನಲ್ಲಿ ಅವರು ತೀರಿಕೊಂಡ ಮೇಲೆ 1914ರಲ್ಲಿಯೂ 1916ರಲ್ಲಿಯೂ ಪ್ರಕಟವಾದ ಅವರ ಪಟ್ಟಿಯ ಸಂಪುಟಗಳನ್ನು ತೆರೆದರೆ, ಊರೂರಿನ ಹೆಸರಿನಡಿಯಲ್ಲಿ ವಸ್ತುಗಳು ಸಾಲಾಗಿ ನಿಂತಿವೆ. ಬಳ್ಳಾರಿಯ ಪಕ್ಕದ ಸಂಗನಕಲ್ಲಿಗೆ 1940ರ ದಶಕದಲ್ಲಿ ಬಿ. ಸುಬ್ಬರಾವ್ ಅವರು ಉತ್ಖನನಕ್ಕೆ ಹೋದರೆ, ಅನಂತರ ಮತ್ತೆ ಮತ್ತೆ ವಿದ್ವಾಂಸರು ಹೋಗುತ್ತಿದ್ದರೆ, ದಾರಿ ತೋರಿಸಿದುದು ಆ ಬರಹ. ಸ್ಥಳದ ಹೆಸರನ್ನು ಕಳೆದುಕೊಂಡ ಕೊಡಲಿಯನ್ನು ಕಾಗದದ ಮೇಲೆ ಭಾರವಿಡಲು ಬಳಸಬಹುದು, ಅಷ್ಟೆ.

ಹಲ್ಲಿನ ಸಂಗ್ರಹಕ್ಕಂತೂ ಈ ಮಾತು ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ನಾಗಪುರದ ಬಳಿಯ ಟಾಕ್ಲಿಯಲ್ಲಿ ದೊರೆತ ಒಂಟಿ ಹಲ್ಲೊಂದಕ್ಕೆ 1890ರಲ್ಲಿ ರಿಚರ್ಡ್ ಲೈಡೆಕ್ಕರ್ ಅವರು ಹೆಸರಿಟ್ಟರು. ಆಫ್ರಿಕದ ಮ್ಯಾಸೊಸ್ಪಾಂಡಿಲಸ್ ಎಂಬ ಸಸ್ಯಾಹಾರಿಯ ಕುಲಕ್ಕೆ ಅದನ್ನು ಸೇರಿಸಿದರು. ಆ ಕುಲ ಬಹಳ ಹಿಂದಿನ ಕಾಲದ್ದು. ಟಾಕ್ಲಿಯ ಪದರ ಡೈನೋಸಾರುಗಳ ಅಂತ್ಯಕಾಲದ್ದು. ಹಲ್ಲಾದರೋ ಮಾಂಸಾಹಾರಿಯದೆಂದು ಅನಂತರದ ವಿದ್ವಾಂಸರು ತೀರ್ಮಾನಿಸಿದರು. ಲೈಡೆಕ್ಕರ್ ಸಾಮಾನ್ಯರಲ್ಲ, ಅವರ ಕಾಲದ ಮೇಧಾವಿಗಳಲ್ಲೊಬ್ಬರು. ಆದರೂ ಒಂಟಿ ಹಲ್ಲು ಅವರನ್ನು ದಾರಿ ತಪ್ಪಿಸಿತು. ಎಲ್ಲಿ, ಯಾವ ಪದರದಲ್ಲಿ ಸಿಕ್ಕಿತೆಂಬ ವಿವರ ಉಳಿದಿದ್ದುದರಿಂದಲೇ ಆ ತೀರ್ಮಾನವನ್ನು ಮರುಪರಿಶೀಲಿಸಲು ಸಾಧ್ಯವಾಯಿತು.

ತಮಿಳುನಾಡಿನ ಅರಿಯಲೂರಿನ ಸಮೀಪದಲ್ಲಿ ಕಲ್ಲಮೇಡು ಎಂಬ ಸ್ಥಳವುಂಟು. ದಕ್ಷಿಣ ಭಾರತದಲ್ಲಿ ಡೈನೋಸಾರಿನ ಕಣಜವೆಂದರೆ ಅದೇ. ಅಲ್ಲಿ ಹಲ್ಲು ಹುಡುಕುವ ಬಗೆಯನ್ನು ನಮ್ಮ ಗೃಹಿಣಿಯರು ಕೇಳಿದರೆ ಮೆಚ್ಚಿಯಾರು. ಮೂಟೆಗಟ್ಟಲೆ ಮಣ್ಣನ್ನು ತಂದು, ನೀರಿನಲ್ಲಿ ನೆನೆಹಾಕಿ, ಸಣ್ಣ ಕಣ್ಣಿನ ಜರಡಿಗಳಲ್ಲಿ ತೊಳೆದು, ಉಳಿದ ನುಚ್ಚನ್ನು ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಕುಂಚದ ತುದಿಯಿಂದ ಒಂದೊಂದು ಕಣವನ್ನೂ ಸರಿಸಿ ನೋಡುತ್ತಾರೆ. ಮೊರದಲ್ಲಿ ಅಕ್ಕಿಯಿಂದ ಕಲ್ಲನ್ನು ಆರಿಸುವುದಕ್ಕೂ ಇದಕ್ಕೂ ಇರುವ ಭೇದವಿಷ್ಟೆ, ಇಲ್ಲಿ ಬೇಕಾದುದು ಕಲ್ಲೇ. ಹೀಗೆ ದೊರೆತ, ಕೆಲವೇ ಮಿಲಿಮೀಟರು ಗಾತ್ರದ ಹಲ್ಲೊಂದನ್ನು ಅಂಜಲಿ ಗೋಸ್ವಾಮಿ, ಜಿ. ವಿ. ಆರ್. ಪ್ರಸಾದ್ ಮೊದಲಾದವರು 2013ರಲ್ಲಿ ಟ್ರೂಡಾಂಟಿಡ್ ಎಂಬ ಚುರುಕಾದ ಸಣ್ಣ ಡೈನೋಸಾರುಗಳ ಕುಟುಂಬಕ್ಕೆ ಸೇರಿದುದೆಂದು ಪ್ರಕಟಿಸಿದರು. ಅಲ್ಲಿಯವರೆಗೆ ಆ ಕುಟುಂಬ ಉತ್ತರದ ಖಂಡಗಳಿಂದ ಮಾತ್ರ ತಿಳಿದಿತ್ತು. ಅಕ್ಕಿಯ ನುಚ್ಚಿನಂತಹ ವಸ್ತುವೊಂದು ಖಂಡಗಳ ಚರಿತ್ರೆಯನ್ನೇ ಪ್ರಶ್ನಿಸುವಂತಾಯಿತು. ಒಂದು ಹಲ್ಲಿನ ಮಾತನ್ನು ಮತ್ತೊಂದು ಹಲ್ಲು ಅನುಮೋದಿಸುವವರೆಗೆ ಕಾಯುವುದು ವಿವೇಕ. ಟಾಕ್ಲಿಯ ನೆನಪಿರುವವರು ಕಾಯುತ್ತಾರೆ.

ಬರೆದಿಟ್ಟ ಕಾಗದ ಏನು ಮಾಡಬಲ್ಲುದೆಂಬುದಕ್ಕೆ ಗುಜರಾತಿನ ರಾಹಿಯೋಲಿ ಒಂದು ನಿದರ್ಶನ. 1980ರ ದಶಕದ ಮೊದಲ ವರ್ಷಗಳಲ್ಲಿ ಭೂಗರ್ಭ ಸರ್ವೇಕ್ಷಣಾ ಇಲಾಖೆಯ ಸುರೇಶ ಶ್ರೀವಾಸ್ತವ ಅವರು ಅಲ್ಲಿ ಅಗೆದು ತೆಗೆದ ಎಲುಬುಗಳು, ಹಲವು ಪ್ರಾಣಿಗಳವು ಬೆರೆತ ಒಂದು ಗೊಂದಲದ ರಾಶಿಯಾಗಿದ್ದುವು. ಆದರೆ ಅವರು ಯಾವ ಎಲುಬು ಯಾವುದರ ಪಕ್ಕದಲ್ಲಿ, ಯಾವ ದಿಕ್ಕಿಗೆ ಮುಖ ಮಾಡಿ ಬಿದ್ದಿತ್ತೆಂಬುದನ್ನು ಜಾಗರೂಕತೆಯಿಂದ ನಕ್ಷೆಯಲ್ಲಿ ಬರೆದಿದ್ದರು. ಹತ್ತಿಪ್ಪತ್ತು ವರ್ಷಗಳಾದ ಮೇಲೆ ಭಾರತ ಮತ್ತು ಅಮೆರಿಕದ ವಿದ್ವಾಂಸರು ಆ ನಕ್ಷೆಯನ್ನು ಮುಂದಿಟ್ಟುಕೊಂಡು ಬಿಡಿ ಎಲುಬುಗಳನ್ನು ಜೋಡಿಸಿದಾಗ ಅದರೊಳಗಿಂದ ಒಂದು ಮಾಂಸಾಹಾರಿ ಡೈನೋಸಾರು ಎದ್ದುಬಂದಿತು. 2003ರಲ್ಲಿ ಅದಕ್ಕೆ ರಾಜಸಾರಸ್ ನರ್ಮದೆನ್ಸಿಸ್ ಎಂದು ಹೆಸರಾಯಿತು. ನಕ್ಷೆಯಿಲ್ಲದಿದ್ದರೆ ರಾಜನಿಗೆ ಪಟ್ಟವಿಲ್ಲ.

ಇದಕ್ಕೆ ವಿರುದ್ಧವಾದ ದುಃಖದ ಕಥೆಗಳೂ ಇವೆ. ಕಲ್ಲಮೇಡಿನಿಂದಲೇ 1987ರಲ್ಲಿ ವರ್ಣಿತವಾದ ಬೃಹತ್ಕಾಯಸಾರಸ್ ಎಂಬ ಪ್ರಾಣಿಯ ಎಲುಬುಗಳು ಅಸಾಧಾರಣ ಗಾತ್ರದವು. ಆದರೆ ಅವು ಪುಡಿಪುಡಿಯಾಗಿ ಹಾಳಾದುವು. ಉಳಿದಿರುವುದು ಚಿತ್ರಗಳು ಮತ್ತು ಅಳತೆಗಳು ಮಾತ್ರ. ಲೋಕದ ಅತಿದೊಡ್ಡ ಭೂಚರಗಳಲ್ಲಿ ಅದೂ ಒಂದಾಗಿತ್ತೆ ಎಂಬ ಚರ್ಚೆಯನ್ನು ವಿದ್ವಾಂಸರು ಇಂದಿಗೂ ಚಿತ್ರಗಳನ್ನಿಟ್ಟುಕೊಂಡೇ ನಡೆಸಬೇಕಾಗಿದೆ. ಅದಕ್ಕೂ ಹಳೆಯದು ಜಬ್ಬಲಪುರದ ಬೆನ್ನೆಲುಬಿನ ಅಲೆದಾಟ. ಠಕ್ಕರನ್ನು ಅಡಗಿಸಿ ಪ್ರಸಿದ್ಧರಾದ ಕ್ಯಾಪ್ಟನ್ ಸ್ಲೀಮನ್ ಅವರು 1828ರಲ್ಲಿ ಅಲ್ಲಿ ಕಂಡ ಎಲುಬುಗಳು, ಏಷ್ಯಾ ಖಂಡದಲ್ಲೇ ಮೊದಲು ದೊರೆತ ಡೈನೋಸಾರಿನ ಅವಶೇಷಗಳು. ಅವು ಕೈಯಿಂದ ಕೈಗೆ ದಾಟಿ ಕಲ್ಕತ್ತೆಯನ್ನು ಸೇರಿದುವು; 1877ರಲ್ಲಿ ಲೈಡೆಕ್ಕರ್ ಅವುಗಳಿಗೆ ಟೈಟನೋಸಾರಸ್ ಇಂಡಿಕಸ್ ಎಂದು ಹೆಸರಿಟ್ಟರು; ಆಮೇಲೆ ಕಾಣೆಯಾದುವು. 2012ರಲ್ಲಿ ಕಲ್ಕತ್ತೆಯ ಸರ್ವೇಕ್ಷಣಾ ಇಲಾಖೆಯ ಸಂಗ್ರಹದಲ್ಲಿಯೇ ಒಂದು ಬೆನ್ನೆಲುಬು ಮತ್ತೆ ಪತ್ತೆಯಾಯಿತು. ಮನೆಯಲ್ಲೇ ಇಟ್ಟ ಒಡವೆಯನ್ನು ಊರೆಲ್ಲ ಹುಡುಕಿದಂತೆ.

ಇಷ್ಟೆಲ್ಲ ಕೇಳಿದ ಮೇಲೂ ಮಗನಿಗೊಂದು ಹಲ್ಲು ಕೊಡಿಸಲೇಬೇಕೆನ್ನುವ ತಂದೆಯರಿಗೆ ಪೇಟೆಯ ಸಂಗತಿಯನ್ನು ತಿಳಿಸುವುದು ಒಳ್ಳೆಯದು. ವಿಜಯನಗರದ ಬೀದಿಗಳಲ್ಲಿ ವಜ್ರ ಮಾಣಿಕ್ಯ ಮುತ್ತುಗಳು ಬಿಕರಿಯಾಗುತ್ತಿದ್ದುದನ್ನು ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಕಂಡು ಬರೆದರು. ಆಗಲೂ ನಿಜವನ್ನು ಗಾಜಿನಿಂದ ಬೇರ್ಪಡಿಸುವ ಕಣ್ಣು ಕೊಳ್ಳುವವರಿಗೆ ಬೇಕಾಗಿದ್ದಿರಬೇಕು. ಇಂದು ಲೋಕದಲ್ಲಿ ಮಾರಾಟವಾಗುವ ಡೈನೋಸಾರಿನ ಹಲ್ಲುಗಳಲ್ಲಿ ಬಹಳಷ್ಟು ಮೊರಾಕ್ಕೊ ದೇಶದ ಕೆಂ ಕೆಂ ಪದರಗಳವು. ಅಲ್ಲಿನ ಪುರಾತನ ನದಿಯೊಂದರ ಮರಳಿನಲ್ಲಿ ಸ್ಪೈನೋಸಾರಸ್ ಎಂಬ ಮೀನುಭಕ್ಷಕನ ಹಲ್ಲುಗಳು ಹೇರಳ. ಒಂದು ನೆಲೆಯಲ್ಲಿ ಕೂಡಿಸಿದ ಸುಮಾರು 1,200 ಹಲ್ಲುಗಳಲ್ಲಿ ನೂರಕ್ಕೆ 45ರಷ್ಟು ಅದರವೇ ಎಂದು ಎಣಿಸಿದವರಿದ್ದಾರೆ. ಆದ್ದರಿಂದ ಅದು ಬಹು ದುಬಾರಿಯೂ ಅಲ್ಲ, ಅಪೂರ್ವವೂ ಅಲ್ಲ. ಆದರೆ ಮುರಿದ ತುದಿಯೊಂದಕ್ಕೆ ಬೇರೊಂದರ ಬುಡವನ್ನು ಅಂಟಿಸಿ, ನಡುವಿನ ಸಂದನ್ನು ಮರಳು ಮತ್ತು ಅಂಟಿನಿಂದ ಮೆತ್ತಿ ಉದ್ದ ಮಾಡುವ ಕಸುಬು ಚೆನ್ನಾಗಿ ಬೆಳೆದಿದೆ. ನಿಜವಾದ ಹಲ್ಲಿನ ಹೊಳಪು ಮೇಲ್ಪೊರೆಯಲ್ಲಿರುತ್ತದೆ, ಬಿರುಕುಗಳು ಬುಡದಿಂದ ತುದಿಯವರೆಗೆ ಸಹಜವಾಗಿ ಸಾಗುತ್ತವೆ. ಬಿರುಕು ಥಟ್ಟನೆ ನಿಂತು ಮರಳಿನ ಮೈ ಕಂಡರೆ ಅನುಮಾನಿಸಬೇಕು. ಮೊಸಳೆಯ ದುಂಡು ಹಲ್ಲನ್ನು ಡೈನೋಸಾರಿನದೆಂದು ನಂಬುವವರೂ ಉಂಟು. ಸಿಕ್ಕಿದ ಊರನ್ನೂ ಪದರವನ್ನೂ ಹೇಳಲಾರದ ಅಂಗಡಿಯವನ ಹಲ್ಲು ಎಷ್ಟೇ ನಿಜವಾದರೂ ಅದರಿಂದ ಹುಡುಗ ಕಲಿಯುವುದು ಏನೂ ಇಲ್ಲ. ‘ಹಂಪಿಯ ಡೈನೋಸಾರಿನ ಹಲ್ಲು’ ಎಂದು ಯಾರಾದರೂ ತೋರಿಸಿದರಂತೂ ಆ 250 ಕೋಟಿಯ ಲೆಕ್ಕವನ್ನು ನೆನೆದುಕೊಂಡು ಮುಂದಕ್ಕೆ ನಡೆಯುವುದು ಲೇಸು.

ಹಂಪಿಯ ನೆಲದಿಂದ ಕಲ್ಲನ್ನೋ ಮಡಕೆಯ ಚೂರನ್ನೋ ಹೆಕ್ಕಿ ಜೇಬಿಗಿಳಿಸುವುದೂ ಸಲ್ಲದು. 1986ರಿಂದ ಅದು ವಿಶ್ವ ಪರಂಪರೆಯ ತಾಣ. ವಿಚಿತ್ರವಾದುದು ಕಣ್ಣಿಗೆ ಬಿದ್ದರೆ ಇದ್ದಲ್ಲಿಯೇ ಬಿಟ್ಟು, ಪಕ್ಕದಲ್ಲೊಂದು ನಾಣ್ಯವಿಟ್ಟು ಅಳತೆ ತಿಳಿಯುವಂತೆ ಛಾಯಾಚಿತ್ರ ತೆಗೆದು, ಸ್ಥಳವನ್ನೂ ದಿನಾಂಕವನ್ನೂ ಬರೆದುಕೊಂಡು ಪುರಾತತ್ವ ಇಲಾಖೆಯವರಿಗೆ ತಿಳಿಸಿದರೆ ಸಾಕು. ಇನ್ನು ಫೂಟ್ ಅವರ ಸಂಗ್ರಹವನ್ನು ನೋಡಲಪೇಕ್ಷಿಸುವವರಿಗೆ: ಮೂಲ ಸಂಗ್ರಹ ಚೆನ್ನೈ ನಗರದ ಎಗ್ಮೋರಿನಲ್ಲಿರುವ ಸರಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದುದು. ಅಷ್ಟು ದೂರ ಹೋಗಲಾಗದವರಿಗೆ ಬಳ್ಳಾರಿಯಲ್ಲಿ ಅವರ ಹೆಸರಿನದೇ ಒಂದು ಪುರಾತತ್ವ ಸಂಗ್ರಹಾಲಯವಿದೆ. ಸಂಗನಕಲ್ಲಿನ ಸೀಮೆಯ ಶಿಲಾಯುಗದ ವಸ್ತುಗಳು ಅಲ್ಲಿವೆ. ಬೆಳಿಗ್ಗೆ ಹೊಸಪೇಟೆಯಲ್ಲಿ ರೈಲು ಹತ್ತಿದರೆ ನೋಡಿಕೊಂಡು ಸಂಜೆಗೆ ಹಿಂದಿರುಗಬಹುದು.